ಡೀಸೆಲ್ ಸರ್‌ಚಾರ್ಜ್‌ಗೆ ಯಾವ ಬೆಲೆ ಹಿಡಿಯೋದು? ಅಮೆರಿಕದ ಸಣ್ಣ ಟ್ರಕ್ ಕಂಪನಿಗಳಿಗೊಂದು ಹೋಲಿಕೆ

ಒಂದು ಲೋಡ್ ಇದೆ ಅಂದುಕೊಳ್ಳಿ. ಹ್ಯೂಸ್ಟನ್‌ನಲ್ಲಿ ತುಂಬಿ ಲಾಸ್ ಏಂಜಲೀಸ್‌ನಲ್ಲಿ ಇಳಿಸಬೇಕು. ಸುಮಾರು 1,550 ಮೈಲಿ. ಬಾಡಿಗೆ ಮಾತಾಗಿದೆ, ಡೀಸೆಲ್ ಸರ್‌ಚಾರ್ಜ್ ಒಂದೇ ಬಾಕಿ, ಅಂದರೆ ಡೀಸೆಲ್ ಬೆಲೆ ಏರಿದ್ದಕ್ಕೆ ಬಾಡಿಗೆ ಮೇಲೆ ಸರಕಿನವರು ಕೊಡುವ ಹಣ. ಸರಕಿನವರು "ಲೋಡ್ ಹೊರಡೋದು ಟೆಕ್ಸಸ್‌ನಿಂದ ತಾನೇ, ಗಲ್ಫ್ ಕೋಸ್ಟ್ ಬೆಲೆ ಹಿಡಿಯೋಣ" ಅನ್ನುತ್ತಾರೆ. ನಿಮ್ಮ ಡ್ರೈವರ್ "ಕ್ಯಾಲಿಫೋರ್ನಿಯಾದಲ್ಲಿ ಡೀಸೆಲ್ ಕೈ ಸುಡುತ್ತೆ, ಅಲ್ಲಿಯ ಬೆಲೆ ಕೇಳಿ" ಅನ್ನುತ್ತಾನೆ. ನಡುವೆ ಇರುವ ಬ್ರೋಕರ್ "ಯಾಕೆ ರಗಳೆ, ದೇಶದ ಸರಾಸರಿ ಹಿಡಿದುಬಿಡಿ" ಅನ್ನುತ್ತಾರೆ.

ಲೆಕ್ಕಕ್ಕೆ ಅಂತ ಮೂರು ಬೆಲೆ ಇಟ್ಟುಕೊಳ್ಳೋಣ. ದೇಶದ ಸರಾಸರಿ ಗ್ಯಾಲನ್‌ಗೆ 3.70 ಡಾಲರ್, ಗಲ್ಫ್ ಕೋಸ್ಟ್ 3.35, ಕ್ಯಾಲಿಫೋರ್ನಿಯಾ 4.85. ಒಪ್ಪಂದದಲ್ಲಿ ಬೇಸ್ ಬೆಲೆ, ಅಂದರೆ ಮೂಲ ಬಾಡಿಗೆಯಲ್ಲೇ ಸೇರಿದೆ ಅಂತ ಹಿಡಿದ ಡೀಸೆಲ್ ಬೆಲೆ, 1.20, ಮೈಲೇಜ್ ಗ್ಯಾಲನ್‌ಗೆ 6 ಮೈಲಿ. ಇವತ್ತಿನ ಬೆಲೆಯಿಂದ ಬೇಸ್ ಕಳೆದು ಮೈಲೇಜ್‌ನಿಂದ ಭಾಗಿಸಿದರೆ ಮೈಲಿಗೆ ಎಷ್ಟು ಸರ್‌ಚಾರ್ಜ್ ಅಂತ ಬರುತ್ತದೆ. ಗಲ್ಫ್ ಬೆಲೆಗೆ ಇಡೀ ಟ್ರಿಪ್‌ಗೆ 555 ಡಾಲರ್. ದೇಶದ ಸರಾಸರಿಗೆ 646. ಕ್ಯಾಲಿಫೋರ್ನಿಯಾ ಬೆಲೆಗೆ 943. ಅದೇ ಟ್ರಕ್, ಅದೇ ರಸ್ತೆ. ಸುಮ್ನೆ ಬೆಲೆ ಪಟ್ಟಿಯ ಯಾವ ಸಾಲು ಓದಿದಿರಿ ಅನ್ನುವುದರ ಮೇಲೆ ಹೆಚ್ಚೂಕಡಿಮೆ 390 ಡಾಲರ್ ಆಚೀಚೆ.

ಹನ್ನೆರಡು ಟ್ರಕ್ಕಿನ ಕಂಪನಿಯೊಂದರ ಬಿಲ್ಲಿಂಗ್ ನೋಡಿಕೊಳ್ಳುವ ನಾನು ಈ ಜಗಳದಲ್ಲಿ ಹಲವು ಸಲ ಕೂತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಲೋಡ್ ಎಲ್ಲಿ ಹೊರಟಿತು, ಎಲ್ಲಿ ಇಳಿಯಿತು ಅನ್ನುವುದಲ್ಲ, ಟ್ಯಾಂಕ್ ಎಲ್ಲಿ ತುಂಬಿತು ಅನ್ನುವುದನ್ನು ನೋಡಬೇಕು. ಬೆಲೆಯ ಸಾಲಿಗಾಗಿ ಕಿತ್ತಾಡುವವರು ಅದರ ಪಕ್ಕದಲ್ಲೇ ಇರುವ ಮೈಲೇಜ್ ಸಂಖ್ಯೆಯನ್ನು ಕಣ್ಣೆತ್ತಿ ನೋಡುವುದಿಲ್ಲ. ವರ್ಷದ ಕೊನೆಗೆ ದುಡ್ಡು ಹೋಗಿರುವುದು ಅಲ್ಲಿ.

ಬೆಲೆ ಎಲ್ಲಿಂದ ಬರುತ್ತದೆ

ಹೆಚ್ಚಿನ ಒಪ್ಪಂದಗಳು ಹಿಡಿಯುವುದು ಅಮೆರಿಕ ಸರ್ಕಾರದ ಇಂಧನ ಮಾಹಿತಿ ಸಂಸ್ಥೆ ಇಐಎ ಕೊಡುವ ವಾರದ ಬೆಲೆಯನ್ನು. ಟ್ರಕ್ ಬಂಕ್‌ಗಳಲ್ಲಿ ಸೋಮವಾರ ಇದ್ದ ಚಿಲ್ಲರೆ ಬೆಲೆಯ ಸಮೀಕ್ಷೆ ಅದು. 1994ರಿಂದ ನಡೆಯುತ್ತಿದೆ. ಹಳಬರು ಇನ್ನೂ ಇಂಧನ ಇಲಾಖೆಯ ಹೆಸರಲ್ಲಿ "ಡಿಓಇ ಬೆಲೆ" ಅಂತಲೇ ಕರೆಯುತ್ತಾರೆ. ತೆರಿಗೆ ಎಲ್ಲ ಸೇರಿದ ಬೆಲೆ ಇದು, ಈ ಮಾತು ಆಮೇಲೆ ಬೇಕಾಗುತ್ತದೆ.

ದೇಶವನ್ನು ಐದು ಭಾಗ ಮಾಡಿ ಬೆಲೆ ಕೊಡುತ್ತಾರೆ. ಈ ಭಾಗಗಳಿಗೆ ಪ್ಯಾಡ್ ಅಂತ ಹೆಸರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, 1942ರಲ್ಲಿ, ಇಂಧನ ಹಂಚುವುದಕ್ಕೆ ಎಳೆದ ಗೆರೆಗಳು. ಯುದ್ಧ ಮುಗಿದರೂ ಗೆರೆ ಉಳಿಯಿತು. ಪೂರ್ವ ಕರಾವಳಿ, ಮಿಡ್‌ವೆಸ್ಟ್, ಗಲ್ಫ್ ಕೋಸ್ಟ್, ರಾಕಿ ಪರ್ವತದ ರಾಜ್ಯಗಳು, ಪಶ್ಚಿಮ ಕರಾವಳಿ. ಪೂರ್ವ ಕರಾವಳಿಯನ್ನು ಮತ್ತೆ ಮೂರು ತುಂಡು ಮಾಡಿದ್ದಾರೆ. ಪಶ್ಚಿಮದಲ್ಲಿ ಕ್ಯಾಲಿಫೋರ್ನಿಯಾ ಒಂದೇ ಬೇರೆ ಸಾಲು, ಕ್ಯಾಲಿಫೋರ್ನಿಯಾ ಬಿಟ್ಟು ಉಳಿದದ್ದು ಇನ್ನೊಂದು ಸಾಲು.

ಗಲ್ಫ್‌ನಲ್ಲಿ ಸಾಮಾನ್ಯವಾಗಿ ಅಗ್ಗ. ಕಾರಣ ಸರಳ. ದೇಶದ ಅರ್ಧಕ್ಕಿಂತ ಜಾಸ್ತಿ ಸಂಸ್ಕರಣಾ ಸಾಮರ್ಥ್ಯ ಅಲ್ಲೇ ಇದೆ, ಡೀಸೆಲ್ ಮನೆ ಬಾಗಿಲಲ್ಲೇ ಹುಟ್ಟುತ್ತದೆ. ಅಲ್ಲಿಂದ ಕಲೋನಿಯಲ್ ಪೈಪ್‌ಲೈನ್ ಹಿಡಿದು ಜಾರ್ಜಿಯಾ, ಕ್ಯಾರೊಲೈನಾ ದಾಟಿ ನ್ಯೂಜೆರ್ಸಿವರೆಗೆ ಹೋಗುತ್ತದೆ. ಪೈಪ್ ಅಲ್ಲಿಗೆ ನಿಂತುಬಿಡುತ್ತದೆ. ಅದರಾಚೆಯ ನ್ಯೂ ಇಂಗ್ಲೆಂಡ್ ರಾಜ್ಯಗಳು ಹಡಗನ್ನು ನಂಬಿಕೊಂಡಿವೆ. ಸಾಲದ್ದಕ್ಕೆ ಚಳಿಗಾಲದಲ್ಲಿ ಅಲ್ಲಿನ ಮನೆ ಬೆಚ್ಚಗಿಡುವ ಎಣ್ಣೆ ಮತ್ತು ಡೀಸೆಲ್ ಒಂದೇ ಜಾತಿಯ ಸರಕು. ಥಂಡಿ ಜೋರಾದರೆ ಮನೆಯವರೂ ಟ್ರಕ್ಕಿನವರೂ ಒಂದೇ ಪೀಪಾಯಿಗೆ ಕೈ ಹಾಕಿದ ಹಾಗೆ. 2021ರ ಮೇ ತಿಂಗಳಲ್ಲಿ ಹ್ಯಾಕರ್‌ಗಳ ದಾಳಿಯಿಂದ ಆ ಪೈಪ್ ಕೆಲವು ದಿನ ನಿಂತಾಗ ಪೂರ್ವ ಕರಾವಳಿ ಎಷ್ಟು ಒಂದೇ ಕೊಳವೆಗೆ ಜೋತುಬಿದ್ದಿದೆ ಅಂತ ಎಲ್ಲರಿಗೂ ಗೊತ್ತಾಯಿತು.

ಕ್ಯಾಲಿಫೋರ್ನಿಯಾ ಕಥೆಯೇ ಬೇರೆ. ಅಲ್ಲಿಗೆ ಬೇಕಾದ ಡೀಸೆಲ್‌ಗೆ ರಾಜ್ಯದ್ದೇ ಗುಣಮಟ್ಟ. ಗಲ್ಫ್‌ನಿಂದ ನೇರವಾಗಿ ಬರುವ ಪೈಪ್ ಇಲ್ಲ. ಮೇಲೆ ರಾಜ್ಯದ ತೆರಿಗೆ, ಅದರ ಮೇಲೆ ಇಂಗಾಲದ ಹೊಗೆಗೆ ರಾಜ್ಯದ ನಿಯಮ ಹೇರುವ ಖರ್ಚು. ಹೀಗಾಗಿ ದೇಶದ ಸರಾಸರಿಗಿಂತ ಒಂದು ಡಾಲರ್‌ನಷ್ಟು ಮೇಲೆ ಇರುವುದು ಅಲ್ಲಿ ಹೊಸದೇನಲ್ಲ.

ಸರಾಸರಿಯೋ, ಪ್ರದೇಶವೋ

ಹ್ಯೂಸ್ಟನ್ ಲೋಡಿಗೆ ವಾಪಸ್ ಬರೋಣ. ಆ ಟ್ರಕ್ ಐ-10 ಹೆದ್ದಾರಿ ಹಿಡಿದರೆ ಟೆಕ್ಸಸ್ ದಾಟುವುದಕ್ಕೇ 700 ಮೈಲಿಗಿಂತ ಜಾಸ್ತಿ. ಆಮೇಲೆ ನ್ಯೂ ಮೆಕ್ಸಿಕೊ. ಅದೂ ಇಐಎ ಗೆರೆಯಲ್ಲಿ ಗಲ್ಫ್ ಕೋಸ್ಟ್‌ಗೇ ಸೇರಿದ್ದು. ನಂತರ ಅರಿಜೋನಾ, ಸುಮಾರು 390 ಮೈಲಿ. ಕೊನೆಗೆ ಕ್ಯಾಲಿಫೋರ್ನಿಯಾ, 230 ಮೈಲಿ ಆಸುಪಾಸು. ಅನುಭವ ಇರುವ ಡ್ರೈವರ್ ಕ್ಯಾಲಿಫೋರ್ನಿಯಾದಲ್ಲಿ ಬಂಕಿನ ಪೈಪ್ ಮುಟ್ಟುವುದೇ ಇಲ್ಲ. ಕೊಲರಾಡೊ ನದಿಯ ಈಚೆ ದಡದಲ್ಲಿ, ಅರಿಜೋನಾದ ಎಹ್ರೆನ್‌ಬರ್ಗ್‌ನಲ್ಲೋ ಅದಕ್ಕೂ ಮೊದಲು ಕ್ವಾರ್ಟ್ಸೈಟ್‌ನಲ್ಲೋ ಟ್ಯಾಂಕ್ ಫುಲ್ ಮಾಡಿಸಿಕೊಂಡು ಸೇತುವೆ ದಾಟುತ್ತಾನೆ. ಎರಡು ಟ್ಯಾಂಕ್‌ನಲ್ಲಿ 200 ಗ್ಯಾಲನ್ ಮೇಲೆ ಹಿಡಿಯುತ್ತದೆ. ಹೋಗಿ ಇಳಿಸಿ ವಾಪಸ್ ಬರುವುದಕ್ಕೆ ಧಾರಾಳ.

ಅಂದರೆ 900 ಮೈಲಿ ಗಲ್ಫ್ ಬೆಲೆಯ ಡೀಸೆಲ್‌ನಲ್ಲಿ ಓಡಿತು, ಉಳಿದ 650 ಅರಿಜೋನಾ ಡೀಸೆಲ್‌ನಲ್ಲಿ. ಅರಿಜೋನಾ ಬೆಲೆ 3.80 ಅಂತ ಇಟ್ಟರೆ ನಿಜವಾಗಿ ಬಿದ್ದ ಸರಾಸರಿ 3.54. ಗಲ್ಫ್ ಬೆಲೆ ಹಿಡಿದರೆ ನಿಮಗೆ ಲಾಸ್. ಕ್ಯಾಲಿಫೋರ್ನಿಯಾ ಬೆಲೆ ಕೇಳಿದರೆ ಸರಕಿನವರು ನಗುತ್ತಾರೆ, ನಗುವುದು ಸರಿಯೇ. ದೇಶದ ಸರಾಸರಿ ನಿಮ್ಮ ಕಡೆಗೆ ಚೂರು ವಾಲಿದ ಬೆಲೆ. ಉದ್ದ ಓಟದ ಲೋಡಿಗೆ ಅದನ್ನೇ ಒಪ್ಪಿಕೊಳ್ಳಿ. ಲೆಕ್ಕ ಸುಲಭ, ತಕರಾರು ಕಡಿಮೆ.

ಟ್ರಕ್ ಒಂದೇ ಪ್ರದೇಶದೊಳಗೆ ಸುತ್ತುತ್ತಿದ್ದರೆ ಮಾತು ಬದಲಾಗುತ್ತದೆ. ಓಕ್ಲೆಂಡ್‌ನಿಂದ ಫ್ರೆಸ್ನೋ, ಫ್ರೆಸ್ನೋದಿಂದ ಲಾಂಗ್ ಬೀಚ್ ಅಂತ ಓಡುವವರು ಗಡಿ ದಾಟಿ ಅಗ್ಗದ ಡೀಸೆಲ್ ಹಾಕಿಸುವ ಹಾಗಿಲ್ಲ. ಅವರಿಗೆ ಕ್ಯಾಲಿಫೋರ್ನಿಯಾ ಸಾಲೇ ಬೇಕು, ಅದಕ್ಕೆ ಹಟ ಹಿಡಿಯಬೇಕು. "ಪಶ್ಚಿಮ ಕರಾವಳಿ" ಅಂತ ಬರೆದುಕೊಟ್ಟರೂ ಸಾಲದು, ಅದರಲ್ಲಿ ವಾಷಿಂಗ್ಟನ್, ಅರಿಜೋನಾ, ನೆವಾಡ ಎಲ್ಲ ಕಲಸಿ ಬೆಲೆ ಇಳಿದಿರುತ್ತದೆ. ಸಿಯಾಟಲ್ ಕಡೆ ಓಡುವವರಿಗೆ ಇದರ ಉಲ್ಟಾ. ಪಶ್ಚಿಮ ಕರಾವಳಿಯ ಸಾಲು ಕ್ಯಾಲಿಫೋರ್ನಿಯಾದಿಂದಾಗಿ ಮೇಲೇರಿರುತ್ತದೆ, ನಿಮಗೆ ಲಾಭ. ಜಾಣ ಸರಕಿನವರು "ಕ್ಯಾಲಿಫೋರ್ನಿಯಾ ಬಿಟ್ಟು" ಅನ್ನುವ ಸಾಲನ್ನು ಹುಡುಕಿ ತರುವವರೆಗೆ.

ಪೂರ್ವದಲ್ಲೂ ಇದೇ ಆಟ. ಜಾರ್ಜಿಯಾ, ಫ್ಲಾರಿಡಾ ಒಳಗೇ ಓಡುವವರಿಗೆ ಪೂರ್ವ ಕರಾವಳಿಯ ಒಟ್ಟು ಸಾಲು ಸಾಮಾನ್ಯವಾಗಿ ಅನುಕೂಲ, ಯಾಕೆಂದರೆ ನ್ಯೂಯಾರ್ಕ್, ಪೆನ್ಸಿಲ್ವೇನಿಯಾ ಬೆಲೆ ಅದನ್ನು ಮೇಲೆತ್ತಿರುತ್ತದೆ. ಬಾಸ್ಟನ್ ಸುತ್ತ ಓಡುವವರು ನ್ಯೂ ಇಂಗ್ಲೆಂಡ್ ಸಾಲನ್ನೇ ಕೇಳಬೇಕು. ಮಿಡ್‌ವೆಸ್ಟ್ ಮತ್ತು ರಾಕಿ ಭಾಗದವರಿಗೆ ಸರಾಸರಿಗೂ ಪ್ರದೇಶಕ್ಕೂ ಅಷ್ಟು ದೊಡ್ಡ ಅಂತರ ಇರುವುದು ಕಡಿಮೆ. ಕೊಯ್ಲಿನ ಕಾಲದಲ್ಲಿ ಹೊಲದ ಯಂತ್ರಗಳೂ ಡೀಸೆಲ್‌ಗೆ ನಿಂತಾಗ ಒಂದಿಷ್ಟು ಬಿಸಿ ತಟ್ಟುತ್ತದೆ, ಅಷ್ಟೇ.

"ಲೋಡ್ ಹೊರಡುವ ಜಾಗದ ಬೆಲೆ" ಅನ್ನುವ ನಿಯಮ ಕೆಲವು ದೊಡ್ಡ ಗಿರಾಕಿಗಳಲ್ಲಿ ಇದೆ. ಹೋಗುವ ಲೋಡೂ ಬರುವ ಲೋಡೂ ಅದೇ ನಿಯಮದಲ್ಲಿದ್ದರೆ ಪರವಾಗಿಲ್ಲ, ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಬರುತ್ತದೆ. ಹೋಗುವಾಗ ಗಲ್ಫ್ ಬೆಲೆ, ಬರುವಾಗ ಡೀಸೆಲ್ ಎಲ್ಲ ಸೇರಿಸಿ ಆ ಹೊತ್ತಿಗೆ ಕುದುರಿಸಿದ ಸ್ಪಾಟ್ ಬಾಡಿಗೆ ಅಂತಾದರೆ ಮಾತ್ರ ನೀವು ಒಂದೇ ಕಾಲಲ್ಲಿ ನಿಂತ ಹಾಗೆ.

ಬಂಕಿನ ಬೋರ್ಡ್ ನಂಬಬೇಡಿ

ಇಲ್ಲಿ ಹೊಸಬರು ಮೋಸ ಹೋಗುವ ಜಾಗ ಒಂದಿದೆ. ರಾಜ್ಯದ ಗಡಿ ದಾಟುವ ದೊಡ್ಡ ಟ್ರಕ್‌ಗಳು ಇಫ್ಟಾ ಅನ್ನುವ ಇಂಧನ ತೆರಿಗೆ ಒಪ್ಪಂದಕ್ಕೆ ಒಳಪಡುತ್ತವೆ. ಅಲಾಸ್ಕಾ, ಹವಾಯಿ ಬಿಟ್ಟು 48 ರಾಜ್ಯ, ಕೆನಡಾದ 10 ಪ್ರಾಂತ್ಯ ಇದರಲ್ಲಿವೆ. ನೀವು ಯಾವ ರಾಜ್ಯದಲ್ಲಿ ಡೀಸೆಲ್ ಹಾಕಿಸಿದಿರಿ ಅನ್ನುವುದು ಮುಖ್ಯವಲ್ಲ. ಯಾವ ರಾಜ್ಯದಲ್ಲಿ ಎಷ್ಟು ಮೈಲಿ ಓಡಿದಿರೋ ಅಲ್ಲಿನ ತೆರಿಗೆ ಅಷ್ಟು ಕಟ್ಟಲೇಬೇಕು. ಬಂಕಿನಲ್ಲಿ ಕೊಟ್ಟ ತೆರಿಗೆ ಜಮಾ ಆಗುತ್ತದೆ, ಮೂರು ತಿಂಗಳಿಗೊಮ್ಮೆ ಲೆಕ್ಕ ಚುಕ್ತಾ.

ಹಾಗಾಗಿ ಹೋಲಿಸಬೇಕಾದದ್ದು ರಾಜ್ಯದ ತೆರಿಗೆ ಕಳೆದ ಬೆಲೆಯನ್ನು. 2024ರಲ್ಲಿ ಓಹಾಯೊದಲ್ಲಿ ಡೀಸೆಲ್ ಮೇಲೆ ರಾಜ್ಯದ ತೆರಿಗೆ ಗ್ಯಾಲನ್‌ಗೆ 47 ಸೆಂಟ್, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ 74.1 ಸೆಂಟ್. ಐ-80 ಮೇಲೆ ಗಡಿಯ ಆ ಕಡೆ ಈ ಕಡೆ ಎರಡು ಬಂಕ್ ಇವೆ ಅನ್ನಿ. ಓಹಾಯೊ ಬೋರ್ಡ್ 3.80 ಅನ್ನುತ್ತದೆ, ಪೆನ್ಸಿಲ್ವೇನಿಯಾ ಬೋರ್ಡ್ 3.98. ಡ್ರೈವರ್ ಖುಷಿಯಿಂದ ಓಹಾಯೊದಲ್ಲಿ ನಿಲ್ಲಿಸುತ್ತಾನೆ, 18 ಸೆಂಟ್ ಉಳಿಯಿತು ಅಂತ. ತೆರಿಗೆ ಕಳೆದು ನೋಡಿ. ಓಹಾಯೊ 3.33, ಪೆನ್ಸಿಲ್ವೇನಿಯಾ 3.24 ಹತ್ತಿರ. ದುಬಾರಿ ಕಂಡದ್ದೇ 9 ಸೆಂಟ್ ಅಗ್ಗ! 150 ಗ್ಯಾಲನ್ ಹಾಕಿಸಿದರೆ 13 ಡಾಲರ್ ಮೇಲೆ ಉಳಿತಾಯ. ಆದರೆ ಉಳಿದದ್ದು ಬಂಕಿನ ರಸೀದಿಯಲ್ಲಿ ಕಾಣುವುದಿಲ್ಲ, ಇಫ್ಟಾ ಲೆಕ್ಕದಲ್ಲಿ ಕಾಣುತ್ತದೆ. ಇದನ್ನು ಡ್ರೈವರ್‌ಗೆ ಒಪ್ಪಿಸುವುದು ದೊಡ್ಡ ಕೆಲಸ, ಅವನ ಕಣ್ಣೆದುರಿಗೆ ಬೋರ್ಡ್ ಇರುತ್ತದಲ್ವಾ.

ಕ್ಯಾಲಿಫೋರ್ನಿಯಾ ಗಡಿಯಲ್ಲಿ ಟ್ಯಾಂಕ್ ತುಂಬಿಸುವುದಕ್ಕೂ ಇದೇ ಕತ್ತರಿ. ಬೋರ್ಡ್‌ಗಳ ನಡುವೆ ಒಂದು ಡಾಲರ್ ವ್ಯತ್ಯಾಸ ಕಂಡರೆ ಅಷ್ಟೂ ನಿಮ್ಮ ಜೇಬಿಗೆ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸುಟ್ಟ ಡೀಸೆಲ್‌ಗೆ ಆ ರಾಜ್ಯದ ತೆರಿಗೆ ಹೇಗೂ ಕಟ್ಟುತ್ತೀರಿ. ತೆರಿಗೆ ಆಚೆಗಿನ ವ್ಯತ್ಯಾಸವೇ ಅಲ್ಲಿ ದೊಡ್ಡದಿರುವುದರಿಂದ ಗಡಿಯಲ್ಲಿ ನಿಲ್ಲಿಸುವುದು ಲಾಭವೇ. ಆರಿಗನ್‌ನಲ್ಲಿ ಇನ್ನೊಂದು ಥರ. ಅಲ್ಲಿ ಭಾರಿ ಟ್ರಕ್‌ಗಳು ಇಂಧನ ತೆರಿಗೆಯ ಬದಲು ತೂಕ ಮತ್ತು ಮೈಲಿಯ ಮೇಲೆ ಬೇರೆ ತೆರಿಗೆ ಕಟ್ಟುತ್ತವೆ. ಅಲ್ಲಿನ ಅಗ್ಗದ ಡೀಸೆಲ್ ನೋಡಿ ಬೀಗಬೇಡಿ.

ಮೈಲೇಜ್ ಎಷ್ಟು ಅಂತ ಬರೆದಿದ್ದಾರೆ?

ಬೇಸ್ 1.20 ಅನ್ನುವುದು ಹಳೆಯ ಕಾಲದ ಬೆಲೆ. 1990ರ ದಶಕದಲ್ಲಿ ಡೀಸೆಲ್ ಆ ಆಸುಪಾಸಿನಲ್ಲಿತ್ತು, ಒಪ್ಪಂದಗಳಲ್ಲಿ ಅದು ಹಾಗೇ ಉಳಿದುಕೊಂಡಿದೆ. ಬೇಸ್ ಏರಿಸಿದರೆ ಸರ್‌ಚಾರ್ಜ್ ಇಳಿಯುತ್ತದೆ, ಮೂಲ ಬಾಡಿಗೆ ಅಷ್ಟೇ ಏರಬೇಕು. ಒಂದು ಜೇಬಿನಿಂದ ತೆಗೆದು ಇನ್ನೊಂದಕ್ಕೆ ಹಾಕಿದ ಹಾಗೆ. ಬೇಸ್ ಮಾತ್ರ ಏರಿಸಿ ಬಾಡಿಗೆ ಹಾಗೇ ಬಿಡುವ ಗಿರಾಕಿ ಬಂದರೆ ಅದು ಬೆಲೆ ಇಳಿಸುವ ಇನ್ನೊಂದು ದಾರಿ ಅಂತ ತಿಳಿಯಿರಿ.

ಮೈಲೇಜ್ ಹಾಗಲ್ಲ. 3.70 ಬೆಲೆ, 1.20 ಬೇಸ್ ಇದ್ದಾಗ ಗ್ಯಾಲನ್‌ಗೆ 6 ಮೈಲಿ ಅಂದರೆ ಮೈಲಿಗೆ 41.7 ಸೆಂಟ್. 7 ಮೈಲಿ ಅಂದರೆ 35.7. ವರ್ಷಕ್ಕೆ ಒಂದು ಟ್ರಕ್ ಲೋಡ್ ಹೊತ್ತು ಒಂದು ಲಕ್ಷ ಮೈಲಿ ಓಡಿದರೆ ಈ ಒಂದು ಅಂಕಿ ಸುಮಾರು 6,000 ಡಾಲರ್. "ಈಗಿನ ಟ್ರಕ್‌ಗಳು 7 ಕೊಡುತ್ತವಲ್ಲ" ಅಂತ ಗಿರಾಕಿ ಕೇಳುವುದು ಸಹಜ. ಕೊಡುತ್ತವೆ ನಿಜ. ಆದರೆ ಸರ್‌ಚಾರ್ಜ್ ಬರುವುದು ಲೋಡ್ ಇರುವ ಮೈಲಿಗೆ ಮಾತ್ರ. ಮುಂದಿನ ಲೋಡ್ ಹತ್ತುವ ಜಾಗಕ್ಕೆ ಖಾಲಿ ಓಡಿದ್ದಕ್ಕೆ ಯಾರೂ ಕೊಡುವುದಿಲ್ಲ.

ನಾನು ಮಾಡುವ ಲೆಕ್ಕ ಹೀಗೆ. ಟ್ರಕ್ 1,000 ಮೈಲಿ ಲೋಡ್ ಜೊತೆ ಓಡಿತು, 180 ಮೈಲಿ ಖಾಲಿ. ಒಟ್ಟು 1,180. ನಿಜವಾದ ಮೈಲೇಜ್ 6.5. ಸುಟ್ಟದ್ದು 181.5 ಗ್ಯಾಲನ್. ಒಪ್ಪಂದ 6 ಮೈಲಿ ಅಂದರೆ ಸರ್‌ಚಾರ್ಜ್ ಸಿಗುವುದು 166.7 ಗ್ಯಾಲನ್‌ಗೆ. ಡೀಸೆಲ್ ಒಂದು ಡಾಲರ್ ಏರಿದಾಗೆಲ್ಲ ಸಾವಿರ ಮೈಲಿಗೆ 15 ಡಾಲರ್ ಹತ್ತಿರ ನಿಮ್ಮ ತಲೆ ಮೇಲೆ. 1,000 ಅನ್ನು 181.5ರಿಂದ ಭಾಗಿಸಿದರೆ 5.5 ಬರುತ್ತದೆ. ನಿಮ್ಮ ಒಪ್ಪಂದದಲ್ಲಿ ಇರಬೇಕಾದ ಮೈಲೇಜ್ ಅದು. ಗಿರಾಕಿ 6ಕ್ಕಿಂತ ಕೆಳಗೆ ಬರುವುದಿಲ್ಲ ಅಂದರೆ ಆ ವ್ಯತ್ಯಾಸವನ್ನು ಮೂಲ ಬಾಡಿಗೆಯಲ್ಲಿ ಸೇರಿಸಿ ಕೇಳಿ. ಕೇಳುವಾಗ ಈ ಭಾಗಾಕಾರ ಎದುರಿಗಿಟ್ಟರೆ ಮಾತಿಗೆ ತೂಕ ಬರುತ್ತದೆ.

ನಿಮ್ಮ ಕಡೆಗೂ ಒಂದು ಲಾಭ ಇದೆ, ಅದನ್ನು ಗಿರಾಕಿ ಮರೆತಿರುವುದಿಲ್ಲ. ಇಐಎ ಕೊಡುವುದು ಬೋರ್ಡಿನ ಬೆಲೆ. ಫ್ಯುಯೆಲ್ ಕಾರ್ಡ್ ಇದ್ದವರಿಗೆ ಬಂಕ್ ಸರಪಳಿಗಳು ಗ್ಯಾಲನ್‌ಗೆ ಒಂದಿಷ್ಟು ಸೆಂಟ್ ಬಿಡುತ್ತವೆ. ದೊಡ್ಡ ಫ್ಲೀಟ್‌ಗಳಿಗೆ ಜಾಸ್ತಿ, ನಮ್ಮಂಥವರಿಗೆ ಕಡಿಮೆ. ಒಪಿಸ್ ಅನ್ನುವ ಇಂಧನ ಬೆಲೆ ಮಾಹಿತಿ ಸಂಸ್ಥೆ ಕೊಡುವ ಸಗಟು ಬೆಲೆಗೆ ಸರ್‌ಚಾರ್ಜ್ ಕಟ್ಟೋಣ ಅಂತ ದೊಡ್ಡ ಗಿರಾಕಿಗಳು ಕೇಳುವುದು ಈ ರಿಯಾಯಿತಿಯನ್ನು ಕಿತ್ತುಕೊಳ್ಳಲಿಕ್ಕೆ. ಸಗಟು ಬೆಲೆಗೆ ನಿಜವಾಗಿ ಡೀಸೆಲ್ ಕೊಳ್ಳದ ಸಣ್ಣ ಕಂಪನಿ ಅದಕ್ಕೆ ಒಪ್ಪಬಾರದು.

ಮೈಲಿಗಿಷ್ಟೋ, ಶೇಕಡಾ ಇಷ್ಟೋ

ಇಡೀ ಟ್ರಕ್ ಒಬ್ಬರದೇ ಸರಕಾದರೆ ಮೈಲಿ ಲೆಕ್ಕವೇ ಸರಿ. ಶೇಕಡಾ ಲೆಕ್ಕದಲ್ಲಿ ಮೂಲ ಬಾಡಿಗೆ 2,000 ಇದ್ದಾಗ 25 ಪರ್ಸೆಂಟ್ ಅಂದರೆ 500 ಡಾಲರ್. ಮಾರುಕಟ್ಟೆ ಬಿದ್ದು ಬಾಡಿಗೆ 1,600 ಆದರೆ ಸರ್‌ಚಾರ್ಜ್ 400ಕ್ಕೆ ಇಳಿಯುತ್ತದೆ. ಡೀಸೆಲ್ ಮಾತ್ರ ಇಳಿದಿಲ್ಲ. ಹತ್ತು ಜನರ ಸರಕು ಒಂದೇ ಟ್ರೇಲರ್‌ನಲ್ಲಿ ಹೋಗುವ ಎಲ್‌ಟಿಎಲ್‌ನಲ್ಲಿ ಮೈಲಿ ಹಂಚುವುದು ಕಷ್ಟ, ಹಾಗಾಗಿ ಅಲ್ಲಿ ಶೇಕಡಾ ನಡೆಯುತ್ತದೆ. ಫ್ರಿಜ್ ಟ್ರೇಲರ್ ಎಳೆಯುವವರು ಅದರ ಯಂತ್ರ ಕುಡಿಯುವ ಡೀಸೆಲ್‌ಗೆ ಬೇರೆ ಸಾಲು ಕೇಳಿ.

ವಾರವೋ ತಿಂಗಳೋ ಅನ್ನುವ ಪ್ರಶ್ನೆಗೆ 2022ರ ಮಾರ್ಚ್ ಸಾಕು. ಫೆಬ್ರವರಿ 28ರಂದು ದೇಶದ ಸರಾಸರಿ 4.10 ಡಾಲರ್. ಮಾರ್ಚ್ 7ಕ್ಕೆ 4.85. ಮಾರ್ಚ್ 14ಕ್ಕೆ 5.25. ಎರಡೇ ವಾರದಲ್ಲಿ 1.15 ಡಾಲರ್. ತಿಂಗಳಿಗೊಮ್ಮೆ ಬದಲಾಗುವ ಸರ್‌ಚಾರ್ಜ್ ಇದ್ದವರಿಗೆ ಮೈಲಿಗೆ 19 ಸೆಂಟ್ ಕೊರತೆ. ವಾರಕ್ಕೆ 2,500 ಮೈಲಿ ಓಡುವ ಒಂದೇ ಟ್ರಕ್ಕಿಗೆ ಸುಮಾರು 475 ಡಾಲರ್. ಬೆಲೆ ಇಳಿಯುವಾಗ ಈ ತಡ ನಿಮಗೆ ಲಾಭ ತರುತ್ತದೆ, ನಿಜ. ಆದರೆ ಇಳಿಯುವ ದಿನ ಬರುವವರೆಗೆ ಫ್ಯುಯೆಲ್ ಕಾರ್ಡ್‌ನ ಬಿಲ್ ಕಾಯುವುದಿಲ್ಲ. ವಾರದ್ದೇ ಕೇಳಿ. ಯಾವ ದಿನದ ಬೆಲೆ ಅನ್ನುವುದನ್ನೂ ಬರೆಸಿಕೊಳ್ಳಿ, ಲೋಡ್ ಹತ್ತಿದ ದಿನದ್ದೋ ಇಳಿದ ದಿನದ್ದೋ ಅಂತ.

ಇನ್ನು ಪಟ್ಟಿ. ಕೆಲವು ಗಿರಾಕಿಗಳು ಸೂತ್ರ ಕೊಡುವುದಿಲ್ಲ, ಪಟ್ಟಿ ಕೊಡುತ್ತಾರೆ. ಬೆಲೆ ಇಷ್ಟರಿಂದ ಇಷ್ಟಾದರೆ ಮೈಲಿಗೆ ಇಷ್ಟು ಅಂತ, ಆರಾರು ಸೆಂಟಿನ ಮೆಟ್ಟಿಲು. ನಮ್ಮ ಹಳೆಯ ಗಿರಾಕಿಯೊಬ್ಬರ ಪಟ್ಟಿ ಎರಡು ಪುಟ ಇತ್ತು. ವರ್ಷಗಟ್ಟಲೆ ಮೊದಲ ಪುಟದಲ್ಲೇ ಕೆಲಸ ಆಗುತ್ತಿತ್ತು, ಎರಡನೆಯದನ್ನು ನಾನು ತಿರುವಿ ನೋಡಿದ್ದೇ ಇಲ್ಲ. 2022ರ ಜೂನ್‌ನಲ್ಲಿ ದೇಶದ ಸರಾಸರಿ 5.81 ಮುಟ್ಟಿತು. ಆಗ ತಿರುವಿದೆ. ಕೊನೆಯ ಸಾಲು 4.99ಕ್ಕೆ ಮುಗಿದಿತ್ತು. ಅವರ ಲೆಕ್ಕದ ವಿಭಾಗ ಆ ಸಾಲಿನ ಪ್ರಕಾರವೇ ಕೊಟ್ಟಿತು, ಒಪ್ಪಂದದಲ್ಲಿ ಇದ್ದದ್ದು ಅಷ್ಟೇ ತಾನೇ. ಮೈಲಿಗೆ 13 ಸೆಂಟ್ ಮೇಲೆ ನಮ್ಮದೇ ಜೇಬಿನಿಂದ ಹೋಯಿತು. ಈಗ ಯಾವ ಪಟ್ಟಿ ಬಂದರೂ ಮೊದಲು ಕೊನೆಯ ಪುಟ ತೆಗೆಯುತ್ತೇನೆ, ಅದರ ಕೆಳಗೆ ಒಂದು ಸಾಲು ಸೇರಿಸಿ ವಾಪಸ್ ಕಳಿಸುತ್ತೇನೆ: "ಇದಕ್ಕೂ ಮೇಲೆ ಹೋದರೆ ಪ್ರತಿ 6 ಸೆಂಟ್‌ಗೆ ಮೈಲಿಗೆ 1 ಸೆಂಟ್."